ಲೀಬಿಗನ ಐದು ಬುರುಡೆಗಳು

ವಿದ್ಯಾರ್ಥಿಯಾಗಿದ್ದಾಗ ನಾನೊಮ್ಮೆ ಪ್ರಯೋಗಶಾಲೆಯಲ್ಲಿ, ದ್ರಾವಣದಿಂದ ತಳಕ್ಕಿಳಿದ ಬೇರಿಯಂ ಸಲ್ಫೇಟನ್ನು ಸೋಸಿ ತೂಗಿದೆ. ಲೆಕ್ಕದಂತೆ ಬರಬೇಕಾದುದು ನೂರು ಪಾಲು, ಬಂದದ್ದು ನೂರನಾಲ್ಕು! ಹಿಗ್ಗಿನಿಂದ ಗುರುಗಳಿಗೆ ತೋರಿಸಿದೆ. ಅವರು ಮೂಸೆಯನ್ನು ಮತ್ತೆ ಉರಿಯ ಮೇಲಿಡಿಸಿದರು. ಹೆಚ್ಚಿನ ನಾಲ್ಕು ಪಾಲು ಬರಿಯ ನೀರು. ನಾನು ತಲೆತಗ್ಗಿಸಿ ನಿಂತಾಗ ಅವರು ಹೇಳಿದ ಕತೆ ಲೀಬಿಗನದು.

ಯುಸ್ಟುಸ್ ಲೀಬಿಗ್ 1803ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟಿನಲ್ಲಿ ಬಣ್ಣದ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಪ್ಯಾರಿಸಿನಲ್ಲಿ ಗೇ-ಲುಸಾಕನ ಬಳಿ ಕಲಿತು, 1824ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿಯೇ, ಗೀಸೆನ್ ವಿಶ್ವವಿದ್ಯಾನಿಲಯದ ಅಧ್ಯಾಪಕನಾದನು.

ಆಗ ಅವನು ಪರೀಕ್ಷಿಸುತ್ತಿದ್ದುದು ಮುಟ್ಟಿದರೆ ಸಿಡಿಯುವ ಬೆಳ್ಳಿಯ ಫಲ್ಮಿನೇಟು. ವೋಲರ್ ಎಂಬ ಇನ್ನೊಬ್ಬ ತರುಣನು ಬೆಳ್ಳಿಯ ಸಯನೇಟನ್ನು ಪರೀಕ್ಷಿಸಿದ್ದನು. ಇದು ಸಾಧು ಸ್ವಭಾವದ ಲವಣ. ವಿಚಿತ್ರವೆಂದರೆ ಎರಡರಲ್ಲಿಯೂ ಬೆಳ್ಳಿ, ಇಂಗಾಲ, ಸಾರಜನಕ, ಆಮ್ಲಜನಕಗಳ ಪ್ರಮಾಣ ಒಂದೇ. ಒಂದೇ ಸಾಮಗ್ರಿಯಿಂದ ಎರಡು ವಸ್ತುಗಳೆಂತು ಆದಾವು? ವೋಲರನ ಲೆಕ್ಕವೇ ತಪ್ಪೆಂದು ಲೀಬಿಗ್ ಬಹಿರಂಗವಾಗಿ ಸಾರಿದನು. ಮುಂಗೋಪಿ, ವಾದಪ್ರಿಯ, ಬಿಟ್ಟುಕೊಡುವ ಜಾಯಮಾನ ಅವನದಲ್ಲ. ಆದರೂ ಸಯನೇಟನ್ನು ತಾನೇ ಶುದ್ಧಗೊಳಿಸಿ ಮತ್ತೆ ಪರೀಕ್ಷಿಸಿದಾಗ ವೋಲರನ ಅಂಕಿಗಳೇ ಬಂದವು. ಅಶುದ್ಧವಾಗಿದ್ದುದು ತನ್ನ ಮಾದರಿ! ಒಪ್ಪಿಕೊಂಡನು. ಆ ಜಗಳದಿಂದಲೇ ಬಾಳಿಡೀ ಉಳಿದ ಸ್ನೇಹ ಹುಟ್ಟಿತು. ಇಂಥ ವಸ್ತುಗಳ ಸಂಬಂಧಕ್ಕೆ ಬರ್ಸೀಲಿಯಸನು 1830ರಲ್ಲಿ ಐಸೊಮೆರಿಸಂ ಎಂದು ಹೆಸರಿಟ್ಟನು.

ತೂಕವನ್ನು ನಂಬಬೇಕಾದರೆ ತೂಗುವ ಬಗೆ ಸುಲಭವೂ ನಿಖರವೂ ಆಗಬೇಕಲ್ಲವೆ? 1831ರಲ್ಲಿ ಲೀಬಿಗ್ ಐದು ಗಾಜಿನ ಬುರುಡೆಗಳ ಸಣ್ಣ ಉಪಕರಣವೊಂದನ್ನು ಪ್ರಕಟಿಸಿದನು. ತೂಗಿದ ವಸ್ತುವನ್ನು ತಾಮ್ರದ ಆಕ್ಸೈಡಿನೊಡನೆ ಗಾಜಿನ ನಳಿಗೆಯಲ್ಲಿಟ್ಟು ಕೆಂಡದಿಂದ ಸುಡುವುದು. ಹೊರಟ ನೀರಾವಿಯನ್ನು ಕ್ಯಾಲ್ಸಿಯಂ ಕ್ಲೋರೈಡು ಹೀರಿದರೆ, ಇಂಗಾಲದ ಡೈ ಆಕ್ಸೈಡನ್ನು ಬುರುಡೆಗಳಲ್ಲಿಯ ಪೊಟ್ಯಾಷ್ ದ್ರಾವಣ ಹೀರುವುದು. ಬುರುಡೆಗಳ ತೂಕ ನಲವತ್ತನಾಲ್ಕು ಪಾಲು ಏರಿದರೆ ಅದರಲ್ಲಿ ಇಂಗಾಲ ಹನ್ನೆರಡು ಪಾಲು. ಮುಂಚೆ ಅನಿಲವನ್ನು ಅಳೆಯುವುದೇ ಒಂದು ತಪಸ್ಸಾಗಿತ್ತು. ಈಗ ಹೊಸ ವಿದ್ಯಾರ್ಥಿಯೂ ಮಾಡಬಹುದಾಯಿತು. ತಾಮ್ರದ ಆಕ್ಸೈಡು ಗಾಳಿಯಿಂದ ತೇವವನ್ನು ಹೀರಿದ್ದರೆ ಮಾತ್ರ ಜಲಜನಕ ಸುಳ್ಳಾಗಿ ಹೆಚ್ಚುತ್ತಿತ್ತು. ನನ್ನ ನಾಲ್ಕು ಪಾಲಿನ ಬಂಧುವೇ ಅದು!

ದೇಶವಿದೇಶಗಳ ತರುಣರು ಗೀಸೆನ್ನಿಗೆ ಬಂದು ಈ ವಿದ್ಯೆ ಕಲಿತರು. 1832ರಲ್ಲಿ ಲೀಬಿಗನೂ ವೋಲರನೂ ಕೂಡಿ ಕಹಿಬಾದಾಮಿಯ ಎಣ್ಣೆಯನ್ನು ಪರೀಕ್ಷಿಸಿದರು. 1852ರಲ್ಲಿ ಲೀಬಿಗ್ ಮ್ಯೂನಿಕ್ಕಿಗೆ ಹೋಗಿ, 1873ರಲ್ಲಿ ಅಲ್ಲಿಯೇ ತೀರಿಕೊಂಡನು. ವೋಲರ್ ಇನ್ನೂ ಒಂಬತ್ತು ವರ್ಷ ಬದುಕಿದ್ದನು.