ಕಾರು ರೆಡಿ, ರೋಡಿಗಿಳಿಸೋಕೆ ಪರ್ಮಿಷನ್ ಇಲ್ಲ: ಕಾರ್ಲ್ ಬೆಂಜ್ ಪಟ್ಟ ಪಾಡು

ಹಳೇ ಬೈಕಿನ ಎಂಜಿನ್ ಹಾಕಿ ಮನೆ ಹಿತ್ತಲಲ್ಲೇ ಪುಟ್ಟ ಜೀಪ್ ಕಟ್ಟಿದ ಹುಡುಗರ ವಿಡಿಯೋ ಆಗಾಗ ಮೊಬೈಲಿಗೆ ಬರ್ತಾನೇ ಇರುತ್ತೆ. ನೋಡಿದವರೆಲ್ಲ ಭೇಷ್ ಅಂತಾರೆ. ಆಮೇಲೆ ಎಲ್ಲರ ಬಾಯಲ್ಲೂ ಬರೋದು ಒಂದೇ ಪ್ರಶ್ನೆ. ಇದನ್ನ ಆರ್‌ಟಿಓದಲ್ಲಿ ಪಾಸ್ ಮಾಡ್ತಾರಾ? ನಂಬರ್ ಸಿಗುತ್ತಾ? ರೋಡಲ್ಲಿ ಹೋದ್ರೆ ಪೊಲೀಸರು ಹಿಡಿಯಲ್ವಾ?

ಈ ಪ್ರಶ್ನೆಗೆ ನೂರಾ ಮೂವತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಜಗತ್ತಿನ ಮೊದಲ ಮೋಟಾರು ಕಾರು ಅಂತ ಯಾವುದಕ್ಕೆ ಹೆಸರಿದೆಯೋ, ಅದನ್ನು ಮಾಡಿದ ಮನುಷ್ಯನಿಗೂ ಇದೇ ತಲೆನೋವಿತ್ತು. ಆತನ ಹೆಸರು ಕಾರ್ಲ್ ಬೆಂಜ್. ಇವತ್ತು ಮರ್ಸಿಡಿಸ್ ಬೆಂಜ್ ಕಾರು ಬಂದ್ರೆ ಜನ ದಾರಿ ಬಿಡ್ತಾರೆ. ಅವತ್ತು ಅದೇ ಬೆಂಜ್, ತಾನು ಕಟ್ಟಿದ ಗಾಡಿಯನ್ನ ಊರ ರಸ್ತೆಯಲ್ಲಿ ಓಡಿಸೋಕೆ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿ ಕಾಯಬೇಕಾಯ್ತು.

ರೈಲು ಡ್ರೈವರ್ ಮಗ

ಕಾರ್ಲ್ ಬೆಂಜ್ ಹುಟ್ಟಿದ್ದು 1844ರ ನವೆಂಬರ್ 25ರಂದು, ಜರ್ಮನಿಯ ಕಾರ್ಲ್ಸ್‌ರೂಹೆ ಪಟ್ಟಣಕ್ಕೆ ಸೇರಿದ ಮ್ಯೂಲ್‌ಬುರ್ಗ್‌ನಲ್ಲಿ. ಆಗ ಅದು ಬಾಡೆನ್ ಅನ್ನೋ ಸಂಸ್ಥಾನ. ನಮ್ಮಲ್ಲಿ ಮೈಸೂರು ಸಂಸ್ಥಾನ ಇತ್ತಲ್ಲ, ಹಾಗೆ ಅಲ್ಲಿಯೂ ಒಬ್ಬ ದೊರೆ, ಆತನ ಕೈಕೆಳಗೆ ಜಿಲ್ಲಾ ಕಚೇರಿಗಳು ಇದ್ದವು. ಅಪ್ಪ ರೈಲು ಎಂಜಿನ್ ಡ್ರೈವರ್. ಮಗನಿಗೆ ಎರಡು ವರ್ಷ ತುಂಬೋ ಹೊತ್ತಿಗೇ ತೀರಿಕೊಂಡ. ಅಮ್ಮ ಯೋಸೆಫಿನ್ ಕಷ್ಟಪಟ್ಟು ಮಗನನ್ನ ಓದಿಸಿದಳು. ಹುಡುಗ ಓದಿನಲ್ಲಿ ಚುರುಕು. 1864ರಲ್ಲಿ, ಹತ್ತೊಂಬತ್ತರ ವಯಸ್ಸಿಗೇ ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ.

ಆಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಕೆಲಸ. 1871ರಲ್ಲಿ ಮಾನ್‌ಹೈಮ್ ಊರಿನಲ್ಲಿ ಆಗಸ್ಟ್ ರಿಟ್ಟರ್ ಅನ್ನೋ ಪಾರ್ಟ್ನರ್ ಜೊತೆ ಸೇರಿ ಒಂದು ವರ್ಕ್‌ಶಾಪ್ ತೆಗೆದ. ಪಾರ್ಟ್ನರ್‌ಶಿಪ್ ಸರಿಬರಲಿಲ್ಲ. ರಿಟ್ಟರ್ ಪಾಲನ್ನ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು, ಬೆಂಜ್ ಕೈಯಲ್ಲಿ ಕಾಸಿರಲಿಲ್ಲ. ಆಗ ಮುಂದೆ ಬಂದವಳು ಬರ್ತಾ ರಿಂಗರ್. ಬೆಂಜ್‌ನನ್ನ ಮದುವೆಯಾಗಬೇಕಿದ್ದ ಹುಡುಗಿ. ತವರಿನಿಂದ ಬರಬೇಕಿದ್ದ ಮದುವೆ ಹಣವನ್ನ ಮೊದಲೇ ತಂದು ವರ್ಕ್‌ಶಾಪಿಗೆ ಹಾಕಿದಳು. 1872ರ ಜುಲೈ 20ರಂದು ಇಬ್ಬರ ಮದುವೆಯಾಯ್ತು.

ಹಣ ಹಾಕಿದ ಮಾತ್ರಕ್ಕೆ ವ್ಯಾಪಾರ ನಡೆಯಬೇಕಲ್ಲ. ಅಂಗಡಿ ಇಟ್ಟವರಿಗೆ ಇದು ಗೊತ್ತಿರೋ ವಿಷಯವೇ. ಸಾಲ ತೀರಿಸೋಕೆ ಆಗದೆ ವರ್ಕ್‌ಶಾಪಿನ ಸಾಮಾನು ಜಪ್ತಿಯಾಗುವ ಮಟ್ಟಿಗೆ ಬಂತು. ಬೆಂಜ್ ಮಾತ್ರ ಎಂಜಿನ್ ಹುಚ್ಚು ಬಿಡಲಿಲ್ಲ. ಫೋರ್ ಸ್ಟ್ರೋಕ್ ಎಂಜಿನ್ನಿನ ಪೇಟೆಂಟ್ ಆಗ ಓಟ್ಟೋ ಕಂಪನಿ ಕೈಯಲ್ಲಿತ್ತು. ಅದಕ್ಕೇ ಆತ ಟೂ ಸ್ಟ್ರೋಕ್ ಎಂಜಿನ್ ಹಿಂದೆ ಬಿದ್ದ. ದಿನಗಟ್ಟಲೆ ಒದ್ದಾಡಿದರೂ ಅದು ಸರಿಯಾಗಿ ಸ್ಟಾರ್ಟ್ ಆಗ್ತಿರಲಿಲ್ಲ. 1879ರ ಡಿಸೆಂಬರ್ 31ರ ರಾತ್ರಿ, ಊಟ ಮುಗಿಸಿ ಇನ್ನೊಂದು ಸಲ ನೋಡೋಣ ಅಂತ ಗಂಡನನ್ನ ವರ್ಕ್‌ಶಾಪಿಗೆ ಕರಕೊಂಡು ಹೋದವಳು ಬರ್ತಾ. ಆ ಹೊಸ ವರ್ಷದ ಹಿಂದಿನ ರಾತ್ರಿ ಎಂಜಿನ್ ಟಕಟಕ ಅಂತ ಓಡಿತು.

ಮೂರು ಚಕ್ರದ ಗಾಡಿ

ಎಂಜಿನ್ ಬಂದ ಮೇಲೆ ಹಣ ಹಾಕುವವರೂ ಬಂದರು. 1882ರಲ್ಲಿ ಒಂದು ಕಂಪನಿ ಆಯ್ತು. ಅಲ್ಲಿ ಬೆಂಜ್‌ಗೆ ಸಿಕ್ಕಿದ್ದು ಬರೀ 5 ಪರ್ಸೆಂಟ್ ಪಾಲು, ಆತನ ಮಾತಿಗೆ ಬೆಲೆಯೂ ಇರಲಿಲ್ಲ. ಮರುವರ್ಷವೇ ಬಿಟ್ಟು ಹೊರಬಂದ. 1883ರಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಮ್ಯಾಕ್ಸ್ ರೋಸ್, ಫ್ರೀಡ್ರಿಶ್ ಎಸ್ಲಿಂಗರ್ ಜೊತೆ ಸೇರಿ 'ಬೆಂಜ್ ಅಂಡ್ ಕಂಪನಿ' ಶುರು ಮಾಡಿದ. ಕಂಪನಿಯ ಹೊಟ್ಟೆಪಾಡು ನಡೆದದ್ದು ಕಾರ್ಖಾನೆಗಳಿಗೆ ಬೇಕಾದ ಗ್ಯಾಸ್ ಎಂಜಿನ್ ಮಾರಾಟದಿಂದ. ಕಾರು ಬೆಂಜ್‌ನ ಸ್ವಂತ ಕನಸು.

1885ರಲ್ಲಿ ಗಾಡಿ ತಯಾರಾಯ್ತು. ಮೂರು ಚಕ್ರ, ಸೈಕಲ್ಲಿನಂತೆ ತಂತಿ ಕಡ್ಡಿಗಳು, ಉಕ್ಕಿನ ಪೈಪಿನ ಫ್ರೇಮು. ಸೀಟಿನ ಹಿಂದೆ ಒಂದೇ ಸಿಲಿಂಡರಿನ 954 ಸಿಸಿ ಎಂಜಿನ್. ಸಿಸಿ ನೋಡಿ ಬೆರಗಾಗಬೇಡಿ, ಶಕ್ತಿ ಮಾತ್ರ ಮುಕ್ಕಾಲು ಹಾರ್ಸ್‌ಪವರ್. ಇವತ್ತಿನ ಸಣ್ಣ ಮೊಪೆಡ್ ಕೂಡ ಅದಕ್ಕಿಂತ ಗಟ್ಟಿ. ಸ್ಪೀಡ್ ಗಂಟೆಗೆ ಸುಮಾರು 16 ಕಿಲೋಮೀಟರ್. ರಿವರ್ಸ್ ಗೇರ್ ಇಲ್ಲ. ಎಂಜಿನ್ ತಣ್ಣಗಿರೋಕೆ ನೀರು ಕುದಿದು ಆವಿಯಾಗಿ ಹೋಗ್ತಿತ್ತು, ಮತ್ತೆ ಮತ್ತೆ ತುಂಬಬೇಕಿತ್ತು. ಸ್ಟಾರ್ಟ್ ಮಾಡೋಕೆ ಹಿಂದೆ ಮಲಗಿಸಿಟ್ಟ ದೊಡ್ಡ ಫ್ಲೈವೀಲನ್ನ ಕೈಯಲ್ಲೇ ತಿರುಗಿಸಬೇಕು. ಮೂರೇ ಚಕ್ರ ಯಾಕೆ ಅಂದ್ರೆ, ಮುಂದಿನ ಎರಡು ಚಕ್ರವನ್ನ ಸರಿಯಾಗಿ ತಿರುಗಿಸೋ ಉಪಾಯ ಆತನಿಗೆ ಆಗಿನ್ನೂ ಸಿಕ್ಕಿರಲಿಲ್ಲ. ಅದು ಸಿಕ್ಕಿ ಪೇಟೆಂಟ್ ಆದದ್ದು 1893ರಲ್ಲಿ.

1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ. ಪೇಟೆಂಟ್ ನಂಬರ್ 37435. ಆ ದಿನವನ್ನೇ ಈಗ ಕಾರಿನ ಹುಟ್ಟುಹಬ್ಬ ಅನ್ನುತ್ತಾರೆ. ಅದೇ ವರ್ಷ ಜುಲೈ 3ರಂದು ಗಾಡಿ ಮಾನ್‌ಹೈಮ್‌ನ ರಿಂಗ್ ರಸ್ತೆಯಲ್ಲಿ ಜನರ ಕಣ್ಣೆದುರೇ ಓಡಿತು, ಊರಿನ ಪತ್ರಿಕೆಯಲ್ಲೂ ಸುದ್ದಿಯಾಯ್ತು.

ಪರ್ಮಿಷನ್ ಯಾರು ಕೊಡಬೇಕು?

ನಿಜವಾದ ಕಷ್ಟ ಶುರುವಾಗಿದ್ದು ಇಲ್ಲಿಂದ. ಪೇಟೆಂಟ್ ಅಂದ್ರೆ ಈ ಗಾಡಿ ನನ್ನ ಬುದ್ಧಿಯಿಂದ ಆದದ್ದು, ಬೇರೆಯವರು ಕಾಪಿ ಮಾಡಬಾರದು ಅನ್ನೋ ಕಾಗದ ಅಷ್ಟೇ. ರಸ್ತೆಯಲ್ಲಿ ಓಡಿಸಬಹುದು ಅನ್ನೋ ಕಾಗದವೇ ಬೇರೆ. ಅಂಥ ಕಾಗದ ಕೊಡೋಕೆ ಆಗ ಆರ್‌ಟಿಓ ಇರಲಿಲ್ಲ, ಮೋಟಾರು ಕಾಯ್ದೆ ಇರಲಿಲ್ಲ, ಬ್ರೇಕ್ ಇನ್ಸ್‌ಪೆಕ್ಟರ್ ಇರಲಿಲ್ಲ. ಕುದುರೆ ಗಾಡಿಗೆ ಮಾಡಿದ ನಿಯಮ ಇತ್ತು. ಇದು ಕುದುರೆ ಇಲ್ಲದ ಗಾಡಿ.

ಜನರ ದೂರು ಬೇರೆ. ಸದ್ದು ಜಾಸ್ತಿ, ವಾಸನೆ ಕೆಟ್ಟದು, ಕುದುರೆಗಳು ಬೆದರುತ್ತವೆ ಅಂತ. ತಪ್ಪೇನಿಲ್ಲ, ಅಂಥ ಗಾಡಿಯನ್ನ ಅವರು ಹಿಂದೆ ನೋಡಿದ್ದೇ ಇಲ್ಲ.

ಕೊನೆಗೆ ಬೆಂಜ್ ಕೇಳಿಕೊಂಡ ಮೇಲೆ 1888ರ ಆಗಸ್ಟ್ 1ರಂದು ಮಾನ್‌ಹೈಮ್‌ನ ಜಿಲ್ಲಾ ಕಚೇರಿ ಒಂದು ಪರವಾನಗಿ ಕೊಟ್ಟಿತು. ಪೇಟೆಂಟ್ ಆದ ಮೋಟಾರು ಗಾಡಿಯನ್ನ ಪರೀಕ್ಷೆಗಾಗಿ ಓಡಿಸಬಹುದು ಅಂತ. ಎಲ್ಲಿ ಬೇಕಾದರೂ ಅಲ್ಲ, ಮಾನ್‌ಹೈಮ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ. ಏನಾದರೂ ನಷ್ಟವಾದರೆ ಹೊಣೆ ಪೂರ್ತಿ ಬೆಂಜ್‌ದೇ. ಜಗತ್ತಿನ ಮೊದಲ ಡ್ರೈವಿಂಗ್ ಲೈಸೆನ್ಸ್ ಅಂತ ಈಗ ಹೇಳೋದು ಇದೇ ಕಾಗದವನ್ನ. ಸರಿಯಾಗಿ ನೋಡಿದರೆ ಅದು ಬರೀ ಡಿಎಲ್ ಅಲ್ಲ. ಗಾಡಿಗೂ ಅದೇ ಒಪ್ಪಿಗೆ, ಓಡಿಸುವವನಿಗೂ ಅದೇ ಒಪ್ಪಿಗೆ.

ಗಂಡನಿಗೂ ಹೇಳದೆ ಹೊರಟ ಬರ್ತಾ

ಕಾಗದ ಬಂದರೂ ಗಿರಾಕಿ ಬರಲಿಲ್ಲ. ಊರ ಸುತ್ತ ಓಡುವ ಗಾಡಿಯನ್ನ ನೋಡೋಕೆ ಜನ ಸೇರುತ್ತಿದ್ದರು, ಕೊಳ್ಳುವವರು ಮಾತ್ರ ಇಲ್ಲ. ದೂರ ಹೋದರೆ ಕೈಕೊಡಲ್ಲ ಅಂತ ಏನು ಗ್ಯಾರಂಟಿ? ಬೆಂಜ್ ಒಳ್ಳೆ ಕೆಲಸಗಾರ, ಆದ್ರೆ ಮಾರುವ ಚಾಕಚಕ್ಯತೆ ಕಡಿಮೆ. ಇನ್ನೂ ಸರಿಮಾಡಬೇಕು, ಇನ್ನೂ ಸರಿಮಾಡಬೇಕು ಅಂತ ವರ್ಕ್‌ಶಾಪಲ್ಲೇ ಕೂರುವ ಪೈಕಿ.

ಅದೇ ಆಗಸ್ಟ್ ತಿಂಗಳು, ಮಕ್ಕಳಿಗೆ ಶಾಲೆ ರಜೆ. ಒಂದು ಬೆಳಗ್ಗೆ ಗಂಡ ಏಳುವ ಮೊದಲೇ ಬರ್ತಾ ತನ್ನ ಇಬ್ಬರು ಗಂಡುಮಕ್ಕಳು ಓಯ್ಗೆನ್ ಮತ್ತು ರಿಚರ್ಡ್‌ನನ್ನ ಕರಕೊಂಡು ಗಾಡಿ ಹೊರಗೆ ತಳ್ಳಿದಳು. ಹೊರಟಿದ್ದು ತವರೂರು ಫೋರ್ಟ್ಸ್‌ಹೈಮ್‌ಗೆ, ಆಕೆ ಹೋದ ದಾರಿಯಲ್ಲಿ ನೂರು ಕಿಲೋಮೀಟರಿಗೂ ಮೇಲೆ. ಗಂಡನ ಪರ್ಮಿಷನ್ ಇಲ್ಲ, ಸರ್ಕಾರದ ಪರ್ಮಿಷನ್ನೂ ಇಲ್ಲ. ಪರವಾನಗಿಯಲ್ಲಿ ಬರೆದಿದ್ದ ಗಡಿ ದಾಟಿದ ಮೇಲೆ ಆ ಪ್ರಯಾಣ ಕಾನೂನಿನ ಲೆಕ್ಕದಲ್ಲಿ ತಪ್ಪೇ.

ದಾರಿಯುದ್ದಕ್ಕೂ ರಿಪೇರಿ. ಪೆಟ್ರೋಲ್ ಬಂಕ್ ಅನ್ನೋದೇ ಇರದ ಕಾಲ. ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆ ಕಲೆ ತೆಗೆಯೋಕೆ ಮಾರುತ್ತಿದ್ದ ಲಿಗ್ರೋಯಿನ್ ಅನ್ನೋ ದ್ರವವನ್ನ ಕೊಂಡು ತುಂಬಿಸಿದಳು. ಆ ಅಂಗಡಿಯನ್ನ ಈಗ ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ತೋರಿಸುತ್ತಾರೆ. ಪೆಟ್ರೋಲ್ ಪೈಪಲ್ಲಿ ಕಸ ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸುವ ಪಿನ್ನಿನಿಂದ ತೆಗೆದಳು. ಕರೆಂಟಿನ ತಂತಿ ಶಾರ್ಟ್ ಆದಾಗ ಕಾಲುಚೀಲದ ಎಲಾಸ್ಟಿಕ್ ಪಟ್ಟಿ ಸುತ್ತಿದಳು. ಚೈನು ಕೆಟ್ಟಾಗ ಕುಲುಮೆ ಹುಡುಕಿದರು. ಇಳಿಜಾರಲ್ಲಿ ಮರದ ಬ್ರೇಕ್ ಸವೆದು ಹೋದಾಗ ಚಪ್ಪಲಿ ಹೊಲಿಯುವವರ ಹತ್ತಿರ ಅದಕ್ಕೆ ಚರ್ಮದ ಪಟ್ಟಿ ಹೊಡೆಸಿದಳು. ಇವತ್ತಿನ ಬ್ರೇಕ್ ಲೈನಿಂಗ್‌ಗೆ ಮೂಲ ಅದೇ ಅನ್ನುತ್ತಾರೆ. ಏರು ಬಂದಾಗ ಎಂಜಿನ್ ಎಳೆಯಲಿಲ್ಲ, ಇಳಿದು ತಳ್ಳಿದರು. ನೀರು ಕಂಡಲ್ಲೆಲ್ಲ ನಿಲ್ಲಿಸಿ ತುಂಬಿಸಿದರು.

ಕತ್ತಲಾಗುವ ಹೊತ್ತಿಗೆ ಫೋರ್ಟ್ಸ್‌ಹೈಮ್ ಸೇರಿ ಗಂಡನಿಗೆ ಟೆಲಿಗ್ರಾಂ ಹೊಡೆದಳು. ಕೆಲವು ದಿನ ಬಿಟ್ಟು ಅದೇ ಗಾಡಿಯಲ್ಲಿ ವಾಪಸ್ ಬಂದಳು. ಬಂದವಳು ಗಂಡನಿಗೆ ಕೊಟ್ಟಿದ್ದು ದಾರಿಯಲ್ಲಿ ಕಂಡ ತಪ್ಪುಗಳ ಪಟ್ಟಿ. ಏರು ಹತ್ತೋಕೆ ಇನ್ನೊಂದು ಗೇರ್ ಬೇಕು, ಬ್ರೇಕ್ ಸರಿಯಾಗಬೇಕು. ಬೆಂಜ್ ಗೇರ್ ಹಾಕಿದ. ಇವತ್ತು ಹೊಸ ಗಾಡಿಯನ್ನ ಟೆಸ್ಟ್ ಟ್ರ್ಯಾಕಿನಲ್ಲಿ ಓಡಿಸಿ ನೋಡ್ತಾರಲ್ಲ, ಅದನ್ನ ಆ ಹೆಂಗಸು ಊರೂರಿನ ಮಣ್ಣು ರಸ್ತೆಯಲ್ಲಿ ಮಾಡಿದ್ದಳು.

ಅದೇ ವರ್ಷ ಮ್ಯೂನಿಕ್‌ನಲ್ಲಿ ನಡೆದ ಯಂತ್ರಗಳ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು.

ಮಂತ್ರಿ ಮತ್ತು ಹಾಲಿನ ಗಾಡಿ

ಹೆಸರು ಬಂದರೂ ನಿಯಮ ಸಡಿಲವಾಗಲಿಲ್ಲ. ಗಾಡಿಗಳು ಹೆಚ್ಚಾದ ಮೇಲೆ ಬಾಡೆನ್ ಸರ್ಕಾರ ಊರೊಳಗೆ ಗಂಟೆಗೆ 6 ಕಿಲೋಮೀಟರ್, ಊರ ಹೊರಗೆ 12 ಕಿಲೋಮೀಟರ್ ಅಂತ ಮಿತಿ ಹಾಕಿತು. 6 ಕಿಲೋಮೀಟರ್ ಅಂದ್ರೆ ಜೋರಾಗಿ ನಡೆಯುವ ಮನುಷ್ಯನ ವೇಗ. ಅಷ್ಟಕ್ಕೆ ಯಾರು ಕಾರು ಕೊಳ್ತಾರೆ?

ಬೆಂಜ್ ಜಗಳಕ್ಕೆ ಹೋಗಲಿಲ್ಲ. ಮಂತ್ರಿಯನ್ನೇ ಕಾರಲ್ಲಿ ಕೂರಿಸಿದ. ಡ್ರೈವರ್ ನಿಯಮ ಮೀರದೆ ಆಮೆಯಂತೆ ಓಡಿಸಿದ. ಹಿಂದಿನಿಂದ ಒಂದು ಬಡಕಲು ಕುದುರೆಯ ಹಾಲಿನ ಗಾಡಿ ಬಂದು, ಇವರನ್ನ ಹಾದು ಮುಂದೆ ಹೋಯ್ತು. ಹಾಲಿನವನು ಹಿಂತಿರುಗಿ ಅಣಕಿಸಿದ. ಮಂತ್ರಿಗೆ ಸಿಟ್ಟು ಬಂದು ಬೇಗ ಓಡಿಸು ಅಂದ. ಪೊಲೀಸ್ ನಿಯಮ ಇದೆ ಸ್ವಾಮಿ ಅಂತ ಡ್ರೈವರ್ ನೆನಪಿಸಿದರೂ ಮಂತ್ರಿ ಕೇಳಲಿಲ್ಲ, ಕಾರು ಓಡಿತು, ಹಾಲಿನ ಗಾಡಿ ಹಿಂದೆ ಬಿತ್ತು. ಆಮೇಲೆ ಮಿತಿ ಸಡಿಲವಾಯ್ತು. ಹಾಲಿನವನನ್ನ ಮೊದಲೇ ಗೊತ್ತು ಮಾಡಿದ್ದು ಬೆಂಜೇ ಅಂತ ನಗುತ್ತಾ ಹೇಳುವವರೂ ಇದ್ದಾರೆ.

ಕೊನೆಯ ದಿನಗಳು

1894ರಲ್ಲಿ ಬಂದ 'ವೆಲೋ' ಅನ್ನೋ ಸಣ್ಣ ಕಾರು ಸುಮಾರು 1,200 ಮಾರಾಟವಾಯ್ತು. 1899ರಲ್ಲಿ ಕಂಪನಿ ಒಂದೇ ವರ್ಷದಲ್ಲಿ 572 ಗಾಡಿ ಮಾಡಿತು. ಆಗ ಜಗತ್ತಿನ ಅತಿದೊಡ್ಡ ಕಾರು ಕಂಪನಿ ಅದೇ. ಆಮೇಲೆ ಕಂಪನಿಯೊಳಗೆ ಮನಸ್ತಾಪವಾಗಿ 1903ರಲ್ಲಿ ಬೆಂಜ್ ದಿನನಿತ್ಯದ ಕೆಲಸ ಬಿಟ್ಟ. ಹತ್ತಿರದ ಲಾಡೆನ್‌ಬುರ್ಗ್‌ನಲ್ಲಿ ಮಕ್ಕಳ ಜೊತೆ ಇನ್ನೊಂದು ಕಾರ್ಖಾನೆ ನಡೆಸಿದ. 1914ರಲ್ಲಿ ಓದಿದ ಕಾಲೇಜೇ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. 1926ರಲ್ಲಿ ಬೆಂಜ್ ಕಂಪನಿ ಡೈಮ್ಲರ್ ಕಂಪನಿ ಜೊತೆ ಸೇರಿ ಮರ್ಸಿಡಿಸ್ ಬೆಂಜ್ ಹೆಸರು ಹುಟ್ಟಿತು. 1929ರ ಏಪ್ರಿಲ್ 4ರಂದು, 84ನೇ ವಯಸ್ಸಿನಲ್ಲಿ ಕಾರ್ಲ್ ಬೆಂಜ್ ಲಾಡೆನ್‌ಬುರ್ಗ್‌ನಲ್ಲಿ ತೀರಿಕೊಂಡ. ಬರ್ತಾ 95 ವರ್ಷ ಬಾಳಿ 1944ರಲ್ಲಿ ಕಣ್ಣು ಮುಚ್ಚಿದಳು. ಆಕೆ ಹೋದ ದಾರಿಯಲ್ಲಿ ಈಗ ಆಕೆಯದೇ ಹೆಸರಿನ ಬೋರ್ಡುಗಳಿವೆ.

ನಮಗೇನು?

ಬೆಂಜ್ ಪರವಾನಗಿ ಪಡೆದು ಸರಿಯಾಗಿ ನೂರು ವರ್ಷಕ್ಕೆ, 1988ರಲ್ಲಿ, ನಮ್ಮ ದೇಶದ ಈಗಿನ ಮೋಟಾರು ವಾಹನ ಕಾಯ್ದೆ ಬಂತು. ಅದರ ಪ್ರಕಾರ ಕಂಪನಿಯವರು ಹೊಸ ಮಾದರಿ ಗಾಡಿ ತಂದರೆ ಮೊದಲು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಟೆಸ್ಟ್ ಆಗಬೇಕು. ಬ್ರೇಕು, ಹೊಗೆ, ಲೈಟು ಎಲ್ಲ ನೋಡಿ ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ಆ ಮಾದರಿಗೆ ನಂಬರ್. ಆರ್‌ಸಿಯಲ್ಲಿ ಇರುವುದನ್ನ ಬಿಟ್ಟು ಎಂಜಿನ್, ಬಾಡಿ ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ಹಿತ್ತಲಲ್ಲಿ ಕಟ್ಟಿದ ಜೀಪಿಗೆ ನಂಬರ್ ಸಿಗದಿರೋದು ಇದಕ್ಕೇ.

ಹುಡುಗರಿಗೆ ಬೇಜಾರಾಗಬಹುದು. ಆದ್ರೆ ಬರ್ತಾಳ ಬ್ರೇಕ್ ಸವೆದದ್ದು ಇಳಿಜಾರಲ್ಲಿ, ಪಕ್ಕದಲ್ಲಿ ಸ್ವಂತ ಮಕ್ಕಳು ಕೂತಿದ್ದಾಗ. ಆ ರಸ್ತೆಯಲ್ಲಿ ಎದುರಿಗೆ ಬೇರೆ ಮೋಟಾರು ಇರಲಿಲ್ಲ. ನಮ್ಮ ಸಂತೆ ದಿನದ ರಸ್ತೆಯಲ್ಲಿ ಬ್ರೇಕ್ ಹೋದ್ರೆ ಗತಿ ಏನು? ಕಚೇರಿ ಕೇಳೋ ಕಾಗದ ಗಾಡಿ ಕಟ್ಟಿದವನಿಗೆ ಕಿರಿಕಿರಿ, ರಸ್ತೆ ದಾಟುವವನಿಗೆ ಅದೇ ಜೀವ. ಬೆಂಜ್‌ಗೆ ಎರಡೂ ಗೊತ್ತಿತ್ತು. ಅರ್ಜಿ ಹಾಕಿದ, ನಷ್ಟದ ಹೊಣೆ ಹೊತ್ತ, ಹೆಂಡತಿ ತೋರಿಸಿದ ತಪ್ಪನ್ನ ತಿದ್ದಿದ. ನಿಯಮ ಸರಿಯಿಲ್ಲ ಅನ್ನಿಸಿದಾಗ ನಿಯಮ ಮಾಡಿದವರನ್ನೇ ಕರೆದು ಕೂರಿಸಿ ತೋರಿಸಿದ. ಹಿತ್ತಲಲ್ಲಿ ಗಾಡಿ ಕಟ್ಟುವ ಹುಡುಗರು ಆತನಿಂದ ಕಲಿಯೋದಿದ್ರೆ ಎಂಜಿನ್ ಕೆಲಸದ ಜೊತೆ ಇದನ್ನೂ ಕಲಿಯಬಹುದು.