ಟಿಪ್ಪು ವಂಶದ ವೈರ್‌ಲೆಸ್ ಹುಡುಗಿ

ನಮ್ಮ ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಕಟ್ಟಿಸಿದ್ದು ಶತ್ರುಗಳ ಯುದ್ಧನೌಕೆ ನದಿಯೊಳಗೆ ನುಗ್ಗದಿರಲಿ ಎಂದು. ಆಗಿನ ಶತ್ರುಗಳು ಬ್ರಿಟಿಷರು. ಅದೇ ಟಿಪ್ಪುವಿನ ವಂಶದವಳೆಂದು ಹೇಳಲಾಗುವ ನೂರ್ ಇನಾಯತ್ ಖಾನ್ ಪ್ರಾಣ ಕೊಟ್ಟದ್ದು ಬ್ರಿಟಿಷರ ವೈರ್‌ಲೆಸ್ ಆಪರೇಟರ್ ಆಗಿ! ಎನ್‌ಕ್ರಿಪ್ಷನ್ ಎಂದರೆ ಬರೀ ಗಣಿತ ಎಂದುಕೊಂಡಿರುವ ನಮ್ಮಂಥ ಬಿಇ ವಿದ್ಯಾರ್ಥಿಗಳು ಆಕೆಯ ಕಥೆ ತಿಳಿಯಬೇಕು.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಬರೋಡಾದ ಸಂಗೀತಗಾರ, ಸೂಫಿ ಗುರು ಇನಾಯತ್ ಖಾನ್. ತಾಯಿ ಅಮೆರಿಕದವರು. ಬೆಳೆದದ್ದು ಪ್ಯಾರಿಸ್ ಬಳಿ. ಸಂಗೀತ, ಮಕ್ಕಳ ಮನಃಶಾಸ್ತ್ರ ಓದಿದಳು. 1939ರಲ್ಲಿ ಮಕ್ಕಳಿಗಾಗಿ ಜಾತಕ ಕಥೆಗಳ ಪುಸ್ತಕ ತಂದಳು. ಮರುವರ್ಷ ಜರ್ಮನ್ನರು ಫ್ರಾನ್ಸಿಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡ್ ಸೇರಿತು. ನೂರ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು. 1943ರಲ್ಲಿ ಎಸ್‌ಒಇ ಎಂಬ ಗುಪ್ತ ಸಂಸ್ಥೆ ಆಕೆಯನ್ನು ಆರಿಸಿಕೊಂಡಿತು.

ಆಗಿನ ಏಜೆಂಟರ ಕೀ ಒಂದು ಪದ್ಯ. ಬಾಯಿಪಾಠ ಮಾಡಿದ ಪದ್ಯದಿಂದ ಐದು ಪದ ಆರಿಸಿ, ಅವುಗಳ ಅಕ್ಷರಗಳಿಗೆ ಕ್ರಮಸಂಖ್ಯೆ ಕೊಟ್ಟು, ಆ ಕ್ರಮದಲ್ಲಿ ಸಂದೇಶದ ಅಕ್ಷರಗಳನ್ನು ಎರಡು ಸಲ ಅದಲುಬದಲು ಮಾಡಬೇಕು. ಜತೆಗೆ ಸೆಕ್ಯುರಿಟಿ ಚೆಕ್: ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಬೇಕೆಂದೇ ಒಂದು ತಪ್ಪು. ಆ ತಪ್ಪು ಕಾಣದಿದ್ದರೆ ಆಪರೇಟರ್ ಸಿಕ್ಕಿಬಿದ್ದಿರಬಹುದು ಎಂದು ಲಂಡನ್ ಅರ್ಥಮಾಡಿಕೊಳ್ಳಬೇಕು.

ಜೂನ್ 16ರ ರಾತ್ರಿ ಪುಟ್ಟ ವಿಮಾನದಲ್ಲಿ ಹೊರಟ ನೂರ್, ಬ್ರಿಟನ್ನಿನಿಂದ ಆಕ್ರಮಿತ ಫ್ರಾನ್ಸಿಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್. ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿನ ಜಾಲ ಜರ್ಮನ್ನರ ಕೈಗೆ ಸಿಕ್ಕಿತು. ವಾಪಸ್ ಬಾ ಎಂದರೂ ಆಕೆ ಒಪ್ಪಲಿಲ್ಲ. ಸುಮಾರು 15 ಕಿಲೋ ತೂಕದ ಸೂಟ್‌ಕೇಸ್ ಸೆಟ್, ಉದ್ದನೆಯ ಏರಿಯಲ್ ತಂತಿ. ಸಿಗ್ನಲ್ಲಿನ ದಿಕ್ಕು ಹಿಡಿದು ಬರುವ ಜರ್ಮನ್ ವ್ಯಾನುಗಳು. ಮನೆ ಬದಲಿಸುತ್ತಾ ಅಕ್ಟೋಬರ್‌ವರೆಗೂ ಸಂದೇಶ ಕಳಿಸಿದಳು. ಕೊನೆಗೆ ಯಾರೋ ಹಿಡಿದುಕೊಟ್ಟರು.

ಸೈಫರ್ ಒಡೆಯುವ ಕಷ್ಟವೇ ಜರ್ಮನ್ನರಿಗೆ ಬರಲಿಲ್ಲ. ಕಳಿಸಿದ ಸಂದೇಶಗಳನ್ನೆಲ್ಲ ಕೋಡ್ ಸಮೇತ ಬರೆದಿಟ್ಟ ನೋಟ್‌ಬುಕ್ ಸಿಕ್ಕಿತ್ತು. ಇದನ್ನು ಆಕೆಯೊಬ್ಬಳ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ತರಬೇತಿ ಪೂರ್ತಿಯಾಗುವ ಮೊದಲೇ ಕಳಿಸಿದ್ದರು. ಜರ್ಮನ್ನರು ಆಕೆಯ ಹೆಸರಲ್ಲೇ ಲಂಡನ್ನಿನ ಜತೆ ಮಾತಾಡತೊಡಗಿದರು. ಅನುಮಾನಪಡಲು ಕಾರಣಗಳಿದ್ದರೂ ಲಂಡನ್ ನಂಬಿತು. 1944ರ ಫೆಬ್ರವರಿ ಕೊನೆಯಲ್ಲಿ ಪ್ಯಾರಾಚೂಟಿನಲ್ಲಿ ಇಳಿದ ಮದಲೆನ್ ದಾಮರ್ಮಾಂ ಮತ್ತು ಇಬ್ಬರು ಸಂಗಾತಿಗಳಿಗಾಗಿ ಕೆಳಗೆ ಕಾದು ನಿಂತಿದ್ದವರು ಜರ್ಮನ್ನರೇ.

ಇವತ್ತಿನ ಡಿಜಿಟಲ್ ವಾಕಿಟಾಕಿಯನ್ನು ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಪ್ರೋಗ್ರಾಮ್ ಮಾಡುತ್ತಾರೆ: ಚಾನೆಲ್, ಗ್ರೂಪ್, ಬೇಕಿದ್ದರೆ 256 ಬಿಟ್‌ನ ಎಇಎಸ್ ಕೀ. ಸೆಟ್ ಕಳೆದರೆ ಕೀ ಕೂಡ ಅದರೊಳಗೇ ಹೋದಂತೆ. ಅದಕ್ಕೇ ಒಳ್ಳೆಯ ವ್ಯವಸ್ಥೆಗಳಲ್ಲಿ ಕಳೆದ ಸೆಟ್ಟನ್ನು ದೂರದಿಂದಲೇ ಬಂದ್ ಮಾಡಿ, ಉಳಿದವಕ್ಕೆ ಹೊಸ ಕೀ ತುಂಬುತ್ತಾರೆ. ನೂರ್ ಕಾಲದಲ್ಲಿದ್ದ ಒಂದು ಕಾವಲು ಆ ಬೇಕೆಂದೇ ಮಾಡುವ ತಪ್ಪು.

ವಿಚಾರಣೆಯಲ್ಲಿ ನೂರ್ ಬಾಯಿಬಿಡಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು. ಹತ್ತು ತಿಂಗಳು ಜರ್ಮನಿಯ ಫೋರ್ಜ್‌ಹೈಮ್ ಜೈಲಿನಲ್ಲಿ ಸರಪಳಿ ಹಾಕಿ ಒಂಟಿಯಾಗಿಟ್ಟರು. ಬ್ರಿಟನ್ನಿನ ಜಾರ್ಜ್ ಕ್ರಾಸ್ ಬಂದದ್ದು 1949ರಲ್ಲಿ, ಆಕೆ ಸತ್ತು ಐದು ವರ್ಷಕ್ಕೆ. 1944ರ ಸೆಪ್ಟೆಂಬರ್ 13ರಂದು ಡಕಾವ್ ಶಿಬಿರದಲ್ಲಿ ಆಕೆಗೆ ಗುಂಡಿಕ್ಕಿದರು. ವಯಸ್ಸು 30. ಅಂದು ಜತೆಯಲ್ಲಿ ಕೊಂದ ಇನ್ನೂ ಮೂವರು ಮಹಿಳೆಯರಲ್ಲಿ ಮದಲೆನ್ ಒಬ್ಬಳು.