ಡಗ್ಲಾಸ್ ಟಿ. ರಾಸ್

ಡಗ್ಲಾಸ್ ಟೇಲರ್ ರಾಸ್ (21 ಡಿಸೆಂಬರ್ 1929 – 31 ಜನವರಿ 2007) ಅಮೆರಿಕದ ಗಣಕ ವಿಜ್ಞಾನಿ. ಲೋಹವನ್ನು ಕೊರೆಯುವ ಮಿಲ್ಲಿಂಗ್ ಯಂತ್ರಕ್ಕೆ ಪದಗಳಲ್ಲಿ ಆದೇಶ ಬರೆದುಕೊಡಲು ನೆರವಾದ ‘ಆಪ್ಟ್’ ಎಂಬ ಭಾಷೆಯನ್ನು ರೂಪಿಸಿದ ತಂಡದ ನಾಯಕರು. ಗಣಕಯಂತ್ರದ ನೆರವಿನಿಂದ ವಿನ್ಯಾಸ ಮಾಡುವ ವಿಧಾನಕ್ಕೆ ಇಂದು ಬಳಕೆಯಲ್ಲಿರುವ ‘ಕಂಪ್ಯೂಟರ್ ಏಡೆಡ್ ಡಿಸೈನ್’ ಅಥವಾ ‘ಕ್ಯಾಡ್’ ಎಂಬ ಹೆಸರನ್ನು 1959ರ ಸುಮಾರಿಗೆ ಚಲಾವಣೆಗೆ ತಂದವರೂ ಇವರೇ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ನಕ್ಷೆ ಬಿಡಿಸುವವರು ತಾವು ದಿನವೂ ಮಾಡುವ ಒಂದೇ ಬಗೆಯ ಕೆಲಸಕ್ಕೆ ಚಿಕ್ಕದೊಂದು ಸ್ಕ್ರಿಪ್ಟ್ ಬರೆದು ಅದನ್ನು ಯಂತ್ರಕ್ಕೆ ಒಪ್ಪಿಸುವುದು ಈಗ ಸಾಮಾನ್ಯ ಸಂಗತಿ. ಸಾಧನವನ್ನು ಬಳಸುವವನೇ ಅದರ ಭಾಷೆಯನ್ನು ಬೆಳೆಸಬಲ್ಲವನಾಗಿರಬೇಕು ಎಂಬ ಈ ವಿಚಾರವನ್ನು ವ್ಯವಸ್ಥಿತವಾಗಿ ಕಟ್ಟಲು ಮೊದಲು ಹೊರಟವರಲ್ಲಿ ರಾಸ್ ಒಬ್ಬರು.

ಜನನ ಮತ್ತು ವಿದ್ಯಾಭ್ಯಾಸ

ರಾಸ್ ಅವರು ಹುಟ್ಟಿದ್ದು ಚೀನಾದಲ್ಲಿ. ಅವರ ತಂದೆ ತಾಯಿ ಇಬ್ಬರೂ ಅಲ್ಲಿ ವೈದ್ಯಕೀಯ ಸೇವೆಯ ಮಿಷನರಿಗಳಾಗಿದ್ದರು. ಬಾಲ್ಯವನ್ನು ಕಳೆದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾನನ್‌ಡೇಗ್ವಾ ಎಂಬ ಸಣ್ಣ ಪಟ್ಟಣದಲ್ಲಿ. 1951ರಲ್ಲಿ ಓಬರ್ಲಿನ್ ಕಾಲೇಜಿನಿಂದ ಗಣಿತದಲ್ಲಿ ಪದವಿ ಪಡೆದು, ಅದೇ ವರ್ಷ ಪೆಟ್ರೀಶಿಯಾ ಮಾಟ್ ಅವರನ್ನು ವಿವಾಹವಾದರು. ಬಳಿಕ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ (ಎಂಐಟಿ) ಗಣಿತದ ಬೋಧನಾ ಸಹಾಯಕರಾಗಿ ಸೇರಿ, 1954ರಲ್ಲಿ ಅಲ್ಲಿಯೇ ಸ್ನಾತಕೋತ್ತರ ಪದವಿ ಗಳಿಸಿದರು. ಡಾಕ್ಟರೇಟ್ ಅಧ್ಯಯನ ಆರಂಭಿಸಿದ್ದರೂ ಸಂಶೋಧನಾ ತಂಡದ ಹೊಣೆ ಹೆಚ್ಚುತ್ತ ಹೋದುದರಿಂದ ಅದು ಪೂರ್ಣಗೊಳ್ಳಲಿಲ್ಲ. ಗಣಕ ವಿಜ್ಞಾನ ಎಂಬ ಪ್ರತ್ಯೇಕ ವಿಭಾಗವೇ ಇನ್ನೂ ಇರದಿದ್ದ ಆ ಕಾಲದಲ್ಲಿ ಇದೇನೂ ಅಪರೂಪವಲ್ಲ.

ವರ್ಲ್‌ವಿಂಡ್ ಗಣಕದ ಮುಂದೆ

1952ರ ಬೇಸಿಗೆಯಲ್ಲಿ ರಾಸ್ ಎಂಐಟಿಯ ಸರ್ವೋಮೆಕಾನಿಸಂ ಪ್ರಯೋಗಾಲಯಕ್ಕೆ ಕೆಲಸಕ್ಕೆ ಬಂದರು. ಅಲ್ಲಿ ಅವರಿಗೆ ‘ವರ್ಲ್‌ವಿಂಡ್’ ಎಂಬ ಗಣಕಯಂತ್ರದ ಪರಿಚಯವಾಯಿತು. ಆ ಕಾಲದ ಬಹುತೇಕ ಗಣಕಗಳು ಲೆಕ್ಕದ ಕಟ್ಟನ್ನು ತೆಗೆದುಕೊಂಡು ಗಂಟೆಗಳ ನಂತರ ಉತ್ತರ ಕೊಡುತ್ತಿದ್ದವು. ವರ್ಲ್‌ವಿಂಡ್ ಹಾಗಿರಲಿಲ್ಲ. ಅದಕ್ಕೊಂದು ಪರದೆಯಿತ್ತು, ಎದುರಿಗೆ ಕುಳಿತವನಿಗೆ ಅದು ತಕ್ಷಣ ಉತ್ತರಿಸುತ್ತಿತ್ತು. 1954ರಲ್ಲಿ ರಾಸ್ ಒಂದು ಚಿಕ್ಕ ಕ್ರಮವಿಧಿ ಬರೆದು, ಬೆಳಕನ್ನು ಗುರುತಿಸುವ ಲೈಟ್ ಗನ್ ಎಂಬ ಸಾಧನವನ್ನು ಪರದೆಯ ಮೇಲೆ ಆಡಿಸಿದರೆ ಕೈ ಹೋದ ದಾರಿಯ ಗೆರೆ ಗಣಕದ ಸ್ಮೃತಿಯಲ್ಲಿ ಉಳಿಯುವಂತೆ ಮಾಡಿದರು. ಕೈಯಿಂದ ಬರೆದ ಚಿತ್ರವನ್ನು ಗಣಕಕ್ಕೆ ನೇರವಾಗಿ ಊಡಿಸಿದ ಅತ್ಯಂತ ಹಳೆಯ ಪ್ರಯೋಗಗಳಲ್ಲಿ ಇದನ್ನೂ ಎಣಿಸುತ್ತಾರೆ. ಮುಂದೆ ಪದಗಳ ಭಾಷೆಗಾಗಿ ಹೆಸರಾದ ರಾಸ್ ಆರಂಭಿಸಿದ್ದು ಚಿತ್ರದಿಂದ ಎಂಬುದನ್ನು ಹಲವರು ಮರೆಯುತ್ತಾರೆ.

ಆಪ್ಟ್ ಭಾಷೆಯ ಹಿನ್ನೆಲೆ

ಹೆಲಿಕಾಪ್ಟರ್ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬ ಉದ್ಯಮಿ, ಯಂತ್ರದ ಉಳಿಯನ್ನು ಕೈಯಿಂದಲ್ಲದೆ ಸಂಖ್ಯೆಗಳಿಂದ ನಡೆಸುವ ಯೋಜನೆಯನ್ನು 1940ರ ದಶಕದ ಕೊನೆಯಲ್ಲಿ ಅಮೆರಿಕದ ವಾಯುಪಡೆಯ ಮುಂದಿಟ್ಟಿದ್ದರು. ಅದರ ಫಲವಾಗಿ ಎಂಐಟಿಯ ಪ್ರಯೋಗಾಲಯವು 1952ರಲ್ಲಿ ರಂಧ್ರ ಹೊಡೆದ ಕಾಗದದ ಪಟ್ಟಿಯನ್ನು ಓದಿ ಮೂರು ದಿಕ್ಕುಗಳಲ್ಲಿ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಇಂದಿನ ಸಿಎನ್‌ಸಿ ಯಂತ್ರಗಳ ಪೂರ್ವಜ ಇದು.

ಯಂತ್ರ ಸಿದ್ಧವಾದರೂ ಅದಕ್ಕೆ ಪಟ್ಟಿ ತಯಾರಿಸುವುದೇ ದೊಡ್ಡ ಸಂಕಟವಾಯಿತು. ಉಳಿ ಹೋಗಬೇಕಾದ ಒಂದೊಂದು ಬಿಂದುವನ್ನೂ ಯಾರಾದರೂ ಕುಳಿತು ಲೆಕ್ಕ ಹಾಕಬೇಕಿತ್ತು. ಉಳಿಗೆ ತನ್ನದೇ ದಪ್ಪವಿರುವುದರಿಂದ ಅದರ ನಡುಬಿಂದು ನಕ್ಷೆಯ ಗೆರೆಯ ಮೇಲೆ ಸಾಗುವಂತಿಲ್ಲ. ಉಳಿಯ ಅರ್ಧ ಅಗಲದಷ್ಟು ಆಚೆಗೆ ಸಾಗಬೇಕು. ಬಾಗಿದ ಮೇಲ್ಮೈಯಾದರೆ ಆ ಅಂತರದ ದಿಕ್ಕು ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಕೊರೆಯುವ ಕೆಲಸಕ್ಕಿಂತ ಲೆಕ್ಕದ ಕೆಲಸವೇ ಎಷ್ಟೋ ಪಟ್ಟು ದೀರ್ಘವಾಗುತ್ತಿತ್ತು. ಕೈಕೆಲಸವನ್ನು ತಪ್ಪಿಸಲು ಬಂದ ಯಂತ್ರ ಇನ್ನೊಂದು ಬಗೆಯ ಕೈಕೆಲಸವನ್ನು ಹುಟ್ಟಿಸಿತ್ತು.

1956ರಲ್ಲಿ ಈ ಸಮಸ್ಯೆಯನ್ನು ರಾಸ್ ಅವರ ನೇತೃತ್ವದ ಕಂಪ್ಯೂಟರ್ ಅನ್ವಯಗಳ ತಂಡಕ್ಕೆ ಒಪ್ಪಿಸಲಾಯಿತು. ಲೆಕ್ಕವನ್ನು ಗಣಕಕ್ಕೆ ಬಿಡುವುದು ಯಾರಿಗಾದರೂ ಹೊಳೆಯುವ ಪರಿಹಾರ. ಪ್ರತಿಯೊಂದು ಆಕಾರಕ್ಕೂ ಒಂದು ಉಪಕ್ರಮವಿಧಿ ಬರೆದಿಟ್ಟುಕೊಳ್ಳುವ ಪ್ರಯತ್ನ ಅದೇ ಪ್ರಯೋಗಾಲಯದಲ್ಲಿ ಆಗಲೇ ನಡೆದಿತ್ತು. ಆದರೆ ಹೊಸ ಆಕಾರ ಬಂದಾಗಲೆಲ್ಲ ಹೊಸ ಕ್ರಮವಿಧಿ ಬರೆಯಬೇಕಾಗುತ್ತಿತ್ತು. ರಾಸ್ ಬೇರೆ ದಾರಿ ಹಿಡಿದರು. ಯಂತ್ರಭಾಗವನ್ನು ಬಲ್ಲ ಕುಶಲಕರ್ಮಿಯೇ ತನ್ನ ಮಾತಿನಲ್ಲಿ ಬರೆಯಬಲ್ಲ ಒಂದು ಭಾಷೆ ಬೇಕು, ಗಣಿತವೆಲ್ಲ ಆ ಭಾಷೆಯ ಹಿಂದೆ ಅಡಗಿರಬೇಕು ಎಂಬುದು ಅವರ ನಿಲುವಾಗಿತ್ತು.

ಭಾಷೆಯ ಸ್ವರೂಪ

ಆಪ್ಟ್ ಭಾಷೆಯಲ್ಲಿ ಬರೆಯುವವನು ಮೊದಲು ನಕ್ಷೆಯಲ್ಲಿರುವ ಬಿಂದು, ರೇಖೆ, ವೃತ್ತಗಳಿಗೆ ಹೆಸರು ಕೊಡುತ್ತಾನೆ. ಎರಡು ಬಿಂದುಗಳ ಮೂಲಕ ಹಾಯುವ ರೇಖೆ ಇದು, ಆ ರೇಖೆಯನ್ನು ಸ್ಪರ್ಶಿಸುವ ಇಷ್ಟು ತ್ರಿಜ್ಯದ ವೃತ್ತ ಅದು ಎಂದು ಬರೆದರೆ ಸಾಕು. ಸ್ಪರ್ಶಬಿಂದು ಎಲ್ಲಿ ಬೀಳುತ್ತದೆ ಎಂಬುದನ್ನು ಗಣಕ ಕಂಡುಕೊಳ್ಳುತ್ತದೆ. ಆನಂತರ ಉಳಿಗೆ ದಾರಿ ಹೇಳುವ ಸರದಿ. ರೇಖೆಯ ಎಡಕ್ಕೆ ಇರು, ಮುಂದೆ ಹೋಗು, ವೃತ್ತ ಸಿಕ್ಕಾಗ ಬಲಕ್ಕೆ ತಿರುಗು ಎಂಬಂಥ ಚಿಕ್ಕ ಆದೇಶಗಳವು. ಊರಿಗೆ ಹೊಸಬನಾದವನಿಗೆ ದಾರಿ ತೋರಿಸುವ ರೀತಿಯೂ ಬಹುತೇಕ ಇದೇ.

ಈ ಸರಳತೆಯ ಹಿಂದೆ ಒಂದು ಜಾಣ್ಮೆಯ ಕಲ್ಪನೆಯಿದೆ. ಉಳಿಯ ಪ್ರತಿ ಚಲನೆಯನ್ನೂ ಮೂರು ಮೇಲ್ಮೈಗಳು ನಿರ್ಧರಿಸುತ್ತವೆ: ಉಳಿಯ ತುದಿ ತಾಗಿಕೊಂಡಿರಬೇಕಾದದ್ದು ಒಂದು, ಅದರ ಪಕ್ಕ ಸವರಿಕೊಂಡು ಸಾಗಬೇಕಾದದ್ದು ಇನ್ನೊಂದು, ತಲುಪಿದಾಗ ನಿಲ್ಲಬೇಕಾದದ್ದು ಮೂರನೆಯದು. ಎಂಥ ಸಂಕೀರ್ಣ ಭಾಗವನ್ನೂ ಇಂಥ ಚಲನೆಗಳ ಸರಪಳಿಯಾಗಿ ಬಿಡಿಸಬಹುದು. ಬಾಗಿದ ದಾರಿಯನ್ನು ಗಣಕವು, ಬರೆದವನು ನಿಗದಿಪಡಿಸಿದ ಅಳತೆಯ ದೋಷಕ್ಕಿಂತ ಹೆಚ್ಚಾಗದಂತೆ, ನೇರ ತುಂಡುಗಳಾಗಿ ಒಡೆಯುತ್ತದೆ. ಹೀಗೆ ಸಿದ್ಧವಾದ ದಾರಿಯನ್ನು ನಿರ್ದಿಷ್ಟ ಯಂತ್ರವೊಂದರ ಸಂಕೇತಗಳಿಗೆ ಇಳಿಸುವುದು ‘ಪೋಸ್ಟ್‌ಪ್ರೊಸೆಸರ್’ ಎಂಬ ಬೇರೆಯೇ ಕ್ರಮವಿಧಿಯ ಕೆಲಸ. ಯಂತ್ರ ಬದಲಾದರೆ ಅದನ್ನಷ್ಟೇ ಬದಲಿಸಿದರಾಯಿತು, ಭಾಗವನ್ನು ಕುರಿತ ಬರಹ ಹಾಗೆಯೇ ಉಳಿಯುತ್ತದೆ. ಈ ವಿಂಗಡಣೆಯನ್ನು ಇಂದಿನ ಕ್ಯಾಮ್ ತಂತ್ರಾಂಶಗಳೂ ಉಳಿಸಿಕೊಂಡಿವೆ.

ಭಾಷೆಯನ್ನು ಪೂರ್ಣಗೊಳಿಸಿದ್ದು ಎಂಐಟಿಯ ತಂಡವೊಂದೇ ಅಲ್ಲ. 1957ರಿಂದ ವಿಮಾನ ತಯಾರಕರ ಸಂಘದ ಸದಸ್ಯ ಕಂಪನಿಗಳು ತಮ್ಮ ಕ್ರಮವಿಧಿಕಾರರನ್ನು ಈ ಕೆಲಸಕ್ಕೆ ಕೊಟ್ಟವು. ಮಾರುಕಟ್ಟೆಯಲ್ಲಿ ಪರಸ್ಪರ ಪೈಪೋಟಿ ನಡೆಸುತ್ತಿದ್ದ ಕಂಪನಿಗಳು ಒಂದೇ ಭಾಷೆಯ ಬೇರೆ ಬೇರೆ ಭಾಗಗಳನ್ನು ಹಂಚಿಕೊಂಡು ಬರೆದದ್ದು ಆ ಕಾಲಕ್ಕೆ ಹೊಸತು.

25 ಫೆಬ್ರವರಿ 1959ರಂದು ಪತ್ರಕರ್ತರನ್ನು ಕರೆದು ಆಪ್ಟ್ ಭಾಷೆಯನ್ನು ಪ್ರದರ್ಶಿಸಲಾಯಿತು. ಮನುಷ್ಯರ ಮಾತನ್ನು ಅರ್ಥಮಾಡಿಕೊಂಡು ಏನು ಬೇಕಾದರೂ ತಯಾರಿಸುವ ಯಂತ್ರ ಬಂದಿದೆ ಎಂಬ ಧಾಟಿಯಲ್ಲಿ ಪತ್ರಿಕೆಗಳು ಬರೆದವು, ಸೇನಾಧಿಕಾರಿಗಳು ಯುದ್ಧಸಾಮರ್ಥ್ಯದ ಮಾತನಾಡಿದರು. ಅಂದು ಬಂದವರ ಕೈಗೆ ಸಿಕ್ಕಿದ್ದು ಆ ಯಂತ್ರ ಕೊರೆದ ಅಲ್ಯೂಮಿನಿಯಂ ಬೂದಿಬಟ್ಟಲು. ಆದರೆ ಅದರ ತಳ ಕುದುರೆಯ ಜೀನಿನಂತೆ ಎರಡು ದಿಕ್ಕಿಗೂ ಬಾಗಿತ್ತು, ಅಂಥ ಮೇಲ್ಮೈಯನ್ನು ಕೈಲೆಕ್ಕದಿಂದ ಕೊರೆಯುವುದು ಎಷ್ಟು ಕಷ್ಟ ಎಂಬುದು ಕಾರ್ಖಾನೆಯವರಿಗೆ ಗೊತ್ತಿತ್ತು.

1961ರಲ್ಲಿ ಆಪ್ಟ್‌ನ ಮುಂದಿನ ನಿರ್ವಹಣೆ ಷಿಕಾಗೊದ ಇಲಿನಾಯ್ ತಂತ್ರಜ್ಞಾನ ಸಂಸ್ಥೆಯ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಸಾರ್ವಜನಿಕ ಹಣದಿಂದ ಹುಟ್ಟಿದ ಭಾಷೆ ಯಾವ ಒಂದು ಕಂಪನಿಯ ಸೊತ್ತೂ ಆಗದೆ ಜಗತ್ತಿನಾದ್ಯಂತ ಹರಡಿತು, ಅದರಿಂದ ಹಲವು ಉಪಭಾಷೆಗಳು ಹುಟ್ಟಿದವು.

ಕ್ಯಾಡ್ ಯೋಜನೆ ಮತ್ತು ಎಇಡಿ

ಭಾಗವನ್ನು ಕೊರೆಯುವ ಹಂತದಲ್ಲಿ ಭಾಷೆ ನೆರವಾಗುವುದಾದರೆ, ಅದಕ್ಕೂ ಹಿಂದಿನ ವಿನ್ಯಾಸದ ಹಂತದಲ್ಲಿ ಏಕೆ ಆಗಬಾರದು? 1959ರ ಕೊನೆಯಲ್ಲಿ ವಾಯುಪಡೆಯ ನೆರವಿನಿಂದ ಎಂಐಟಿಯಲ್ಲಿ ಆರಂಭವಾದ ಕ್ಯಾಡ್ ಯೋಜನೆ ಈ ಪ್ರಶ್ನೆಯಿಂದ ಹೊರಟಿತು. ರಾಸ್ ಅವರ ತಂಡದ ಜೊತೆಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ಸ್ಟೀವನ್ ಕೂನ್ಸ್ ಮತ್ತು ರಾಬರ್ಟ್ ಮ್ಯಾನ್ ಅವರೂ ಇದರಲ್ಲಿದ್ದರು.

ಇಲ್ಲಿ ಎರಡು ದೃಷ್ಟಿಗಳು ಎದುರಾದವು. ಕೂನ್ಸ್ ಅವರಿಗೆ ವಿನ್ಯಾಸಕಾರ ಪರದೆಯ ಮೇಲೆ ರೇಖೆ ಎಳೆಯುವುದು, ಮೇಲ್ಮೈಗಳನ್ನು ತಿದ್ದುವುದು ಮುಖ್ಯವಾಗಿತ್ತು. ರಾಸ್ ಅವರಿಗೆ ಚಿತ್ರವೂ ಒಂದು ಭಾಷೆಯೇ, ಆದರೆ ಭಾಷೆಗಳಲ್ಲಿ ಒಂದು ಮಾತ್ರ. ಸೇತುವೆ ಕಟ್ಟುವವನಿಗೆ ಬೇಕಾದ ಪದಗಳು ವಿದ್ಯುತ್ ಮಂಡಲ ರಚಿಸುವವನಿಗೆ ಬೇಡ. ಇಬ್ಬರಿಗೂ ಹೊಂದುವ ಒಂದೇ ತಂತ್ರಾಂಶ ಮಾಡಲು ಹೊರಟರೆ ಅದು ಇಬ್ಬರಿಗೂ ಸಾಲದು. ಆದ್ದರಿಂದ ಪ್ರತಿಯೊಂದು ವೃತ್ತಿಯವರೂ ತಮ್ಮ ಭಾಷೆಯನ್ನು ತಾವೇ ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿಯನ್ನು ಒದಗಿಸಬೇಕೆಂದು ಅವರು ವಾದಿಸಿದರು. ಈ ಉದ್ದೇಶಕ್ಕೆ ಆಲ್ಗಾಲ್ 60 ಭಾಷೆಯ ತಳಹದಿಯ ಮೇಲೆ ರೂಪುಗೊಂಡದ್ದೇ ‘ಎಇಡಿ’. ಪದಗಳನ್ನು ಗುರುತಿಸುವ ಭಾಗ, ವ್ಯಾಕರಣವನ್ನು ಬಿಡಿಸುವ ಭಾಗ ಹೀಗೆ ಭಾಷೆ ಕಟ್ಟುವ ಉಪಕರಣಗಳೇ ಅದರಲ್ಲಿ ಸಿದ್ಧವಾಗಿ ಸಿಗುತ್ತಿದ್ದವು.

ಒಂದು ವಸ್ತುವನ್ನೂ ಅದರ ಗುಣಗಳನ್ನೂ ಇತರ ವಸ್ತುಗಳೊಡನೆ ಅದಕ್ಕಿರುವ ಸಂಬಂಧಗಳನ್ನೂ ಒಟ್ಟಿಗೆ ಸ್ಮೃತಿಯಲ್ಲಿ ಇಡುವ ‘ಪ್ಲೆಕ್ಸ್’ ಎಂಬ ಕಲ್ಪನೆಯನ್ನೂ ರಾಸ್ ಇದೇ ಕಾಲದಲ್ಲಿ ಮಂಡಿಸಿದರು. ರೇಖೆಯೆಂದರೆ ಪರದೆಯ ಮೇಲಿನ ಚುಕ್ಕೆಗಳ ಸಾಲಲ್ಲ. ಅದು ಎರಡು ಬಿಂದುಗಳಿಗೆ ಕಟ್ಟುಬಿದ್ದ ವಸ್ತು, ಬಿಂದು ಸರಿದರೆ ಅದೂ ಸರಿಯಬೇಕು. 1963ರಲ್ಲಿ ಇವಾನ್ ಸದರ್ಲ್ಯಾಂಡ್ ತಮ್ಮ ಪ್ರಸಿದ್ಧ ‘ಸ್ಕೆಚ್‌ಪ್ಯಾಡ್’ನಲ್ಲಿ ಇಂಥ ರಚನೆಯನ್ನೇ ಕಣ್ಣಿಗೆ ಕಾಣುವಂತೆ ಮಾಡಿದರು.

ಜನರ ಮನಸ್ಸನ್ನು ಗೆದ್ದದ್ದು ಸ್ಕೆಚ್‌ಪ್ಯಾಡ್. ಚಿತ್ರವನ್ನು ಯಾರಾದರೂ ನೋಡಿ ಮೆಚ್ಚಬಹುದು, ಭಾಷೆಯನ್ನು ಮೆಚ್ಚಲು ಅದನ್ನು ಕಲಿಯಬೇಕು. ಹಲವು ಕಂಪನಿಗಳು ತಮ್ಮ ಕ್ರಮವಿಧಿಕಾರರನ್ನು ಎಂಐಟಿಗೆ ಕಳುಹಿಸಿ ಎಇಡಿ ಕಲಿಸಿದರೂ, ಅದು ಆಪ್ಟ್‌ನಷ್ಟು ವ್ಯಾಪಕವಾಗಲಿಲ್ಲ. ರಾಸ್ ಅವರ ಬರವಣಿಗೆ ಅಮೂರ್ತ ಪರಿಭಾಷೆಯಿಂದ ತುಂಬಿರುತ್ತಿದ್ದುದೂ ಇದಕ್ಕೆ ಒಂದು ಕಾರಣವಿರಬೇಕು. ಅವರ ಲೇಖನಗಳನ್ನು ಓದುವುದು ಇಂದಿಗೂ ಸುಲಭವಲ್ಲ.

ಸಾಫ್‌ಟೆಕ್ ಮತ್ತು ನಂತರದ ವರ್ಷಗಳು

1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ, ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಶಾಸ್ತ್ರದ ಆರಂಭವೆಂದು ಗುರುತಿಸಲಾಗುವ ಸಮ್ಮೇಳನದಲ್ಲಿ ರಾಸ್ ಭಾಗವಹಿಸಿದ್ದರು. ಮರುವರ್ಷ ಎಂಐಟಿಯ ಕೆಲಸ ಬಿಟ್ಟು ಸಂಗಡಿಗರೊಂದಿಗೆ ‘ಸಾಫ್‌ಟೆಕ್’ ಕಂಪನಿಯನ್ನು ಸ್ಥಾಪಿಸಿ, 1975ರವರೆಗೆ ಅದರ ಅಧ್ಯಕ್ಷರಾಗಿದ್ದರು. ಸಂಕೀರ್ಣ ವ್ಯವಸ್ಥೆಯೊಂದನ್ನು ಪೆಟ್ಟಿಗೆ ಮತ್ತು ಬಾಣಗಳ ನಕ್ಷೆಗಳಲ್ಲಿ ಹಂತಹಂತವಾಗಿ ಬಿಡಿಸಿ ತೋರಿಸುವ ‘ಎಸ್‌ಎಡಿಟಿ’ ವಿಧಾನವನ್ನು ಅಲ್ಲಿ ಬೆಳೆಸಿದರು. ಇದರಿಂದ ಹುಟ್ಟಿದ ‘ಐಡೆಫ್0’ ಪದ್ಧತಿಯನ್ನು ಅಮೆರಿಕ ಸರ್ಕಾರ 1993ರಲ್ಲಿ ಮಾನಕವಾಗಿ ಪ್ರಕಟಿಸಿತು. ನ್ಯೂಮರಿಕಲ್ ಕಂಟ್ರೋಲ್ ಸೊಸೈಟಿಯು 1975ರಲ್ಲಿ ಅವರಿಗೆ ಜಾಕಾರ್ಡ್ ಪ್ರಶಸ್ತಿ ನೀಡಿತು. ರಂಧ್ರ ಹೊಡೆದ ರಟ್ಟುಗಳಿಂದ ಮಗ್ಗವನ್ನು ನಡೆಸಿದವರ ಹೆಸರಿನ ಪ್ರಶಸ್ತಿ ಅದು.

ನಕ್ಷೆಗಾರರ ಸ್ಕ್ರಿಪ್ಟ್‌ಗಳು

1982ರಲ್ಲಿ ಬಂದ ಆಟೋಕ್ಯಾಡ್ ತಂತ್ರಾಂಶವು ನಕ್ಷೆಯ ಕೆಲಸವನ್ನು ಮೇಜಿನ ಮೇಲಿನ ಸಣ್ಣ ಗಣಕಕ್ಕೆ ತಂದಿತು. 1986ರಲ್ಲಿ ಅದಕ್ಕೆ ‘ಆಟೋಲಿಸ್ಪ್’ ಎಂಬ ಭಾಷೆ ಸೇರಿತು. ಇದರ ವಂಶಾವಳಿ ಬೇರೆ. ಜಾನ್ ಮೆಕಾರ್ಥಿಯವರ ಲಿಸ್ಪ್ ಭಾಷೆಯಿಂದ, ಡೇವಿಡ್ ಬೆಟ್ಜ್ ಅವರ ಎಕ್ಸ್‌ಲಿಸ್ಪ್ ಮೂಲಕ ಬಂದದ್ದು. ಆದರೆ ಅದು ಬಳಕೆದಾರನ ಕೈಗೆ ಕೊಟ್ಟದ್ದು ರಾಸ್ ಎರಡು ದಶಕಗಳ ಹಿಂದೆ ಕೇಳಿದ್ದನ್ನೇ. ಮನೆಯ ನಕ್ಷೆ ಬಿಡಿಸುವವರು ಬಾಗಿಲು ಇಡಲು ಗೋಡೆಯ ಎರಡು ಗೆರೆಗಳನ್ನು ಕತ್ತರಿಸಬೇಕು, ಕದದ ಗೆರೆ ಎಳೆಯಬೇಕು, ಅದು ತೆರೆದುಕೊಳ್ಳುವ ಕಮಾನನ್ನು ತೋರಿಸಬೇಕು, ಎಲ್ಲವನ್ನೂ ಸರಿಯಾದ ಪದರದಲ್ಲಿ ಇಡಬೇಕು. ಇಪ್ಪತ್ತು ಬಾಗಿಲುಗಳಿದ್ದರೆ ಇಪ್ಪತ್ತು ಸಲ. ಕೆಲವೇ ಸಾಲುಗಳ ಸ್ಕ್ರಿಪ್ಟ್ ಬರೆದವರು ಜಾಗ ಮತ್ತು ಅಗಲವನ್ನಷ್ಟೇ ಹೇಳುತ್ತಾರೆ. ಬಾಗಿಲು ಎಂಬ ಪದವನ್ನು ಯಂತ್ರಕ್ಕೆ ಕಲಿಸಿದವರು ತಂತ್ರಾಂಶದ ಕಂಪನಿಯವರಲ್ಲ, ಅದನ್ನು ಬಳಸುವವರು.

ಕರ್ನಾಟಕದಲ್ಲಿ ಎಚ್‌ಎಂಟಿ ಕಾರ್ಖಾನೆ (1953) ಮತ್ತು ಕೇಂದ್ರೀಯ ಮಷಿನ್ ಟೂಲ್ ಸಂಸ್ಥೆ (1962) ಬೆಂಗಳೂರಿನಲ್ಲಿ ನೆಲೆಗೊಂಡ ಬಳಿಕ ಯಂತ್ರೋಪಕರಣಗಳ ವಿದ್ಯೆ ಇಲ್ಲಿಯೂ ಬೇರೂರಿತು. ಇಂದು ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಯಾಗಾರಗಳಲ್ಲಿ ಸಿಎನ್‌ಸಿ ಯಂತ್ರಗಳು ನಡೆಯುತ್ತಿವೆ. ಐಟಿಐಗಳ ಡ್ರಾಫ್ಟ್ಸ್‌ಮನ್ ವೃತ್ತಿಯ ವಿದ್ಯಾರ್ಥಿಗಳು ಕ್ಯಾಡ್ ಕಲಿಯುತ್ತಾರೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಣಕದ ನೆರವಿನಿಂದ ಯಂತ್ರಭಾಗದ ಕ್ರಮವಿಧಿ ಬರೆಯುವುದನ್ನು ಓದುತ್ತಾರೆ. ಪರೀಕ್ಷೆಗೆ ಉತ್ತರವಾಗಿ ಆಪ್ಟ್ ಹೆಸರನ್ನು ಬರೆಯುವವರಿಗೆ ಅದರ ಹಿಂದಿದ್ದ ವ್ಯಕ್ತಿಯ ಪರಿಚಯ ಇರುವುದು ಕಡಿಮೆ.

ನಿಧನ

ರಾಸ್ ಅವರು 31 ಜನವರಿ 2007ರಂದು, ತಮ್ಮ 77ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಕಾಗದಪತ್ರಗಳು ಎಂಐಟಿಯ ದಾಖಲೆ ಸಂಗ್ರಹದಲ್ಲಿವೆ. ಎಂಐಟಿಯಲ್ಲಿದ್ದಾಗ ಅಂದಂದಿನ ಚರ್ಚೆ, ತಪ್ಪು, ತಿದ್ದುಪಡಿಗಳನ್ನು ಅವರು ದಿನಚರಿಯಾಗಿ ಹೇಳಿ ಬರೆಸುತ್ತಿದ್ದರು. ಕ್ರಮವಿಧಿ ಭಾಷೆಗಳ ಇತಿಹಾಸವನ್ನು ಕುರಿತು 1978ರಲ್ಲಿ ನಡೆದ ಸಮ್ಮೇಳನಕ್ಕೆ ಆಪ್ಟ್ ಹುಟ್ಟಿದ ಕಥೆಯನ್ನು ಬರೆಯುವಾಗ ಅವರು ನೆನಪನ್ನಷ್ಟೇ ನಂಬದೆ ಈ ದಿನಚರಿಗಳನ್ನು ಆಧಾರವಾಗಿಟ್ಟುಕೊಂಡರು.